ತಜ್ಞರ ಉತ್ತರ: ನಮ್ಮ ತಾಲ್ಲೂಕಿನ ಮಕ್ಕಳು ಓದುವಂತಾಗಲು ಯಾರು ಏನು ಮಾಡಬೇಕು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ತಂದೆತಾಯಿಗಳಿರುವ ಶಾಲಾ ಸಮಿತಿ) ಅಧ್ಯಕ್ಷೆ. ನನ್ನ ಮಗಳು ಐದನೇ ತರಗತಿ. ಎರಡನೇ ತರಗತಿ ಪುಸ್ತಕ ಕೊಟ್ಟರೂ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಾಳೆ. ಅವಳ ಜೊತೆಯ ಸುಮಾರು ಮಕ್ಕಳು ಹೀಗೇ ಇದ್ದಾರೆ. ಮೇಷ್ಟ್ರು ಒಳ್ಳೆಯವರು, ದಿನಾ ಬರುತ್ತಾರೆ, ಪಾಠ ಮಾಡುತ್ತಾರೆ. ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿ 'ಸ್ಕೂಲ್ ಡಿಸ್ಟ್ರಿಕ್ಟ್' ಅಂತ ಇರುತ್ತದಂತೆ. ಅದು ಚೆನ್ನಾಗಿದ್ದರೆ ಅದರ ಕೆಳಗಿನ ಶಾಲೆಗಳೂ ಚೆನ್ನಾಗಿರುತ್ತವೆ ಅನ್ನುತ್ತಾನೆ. ಹಾಗಾದರೆ ನಮ್ಮ ಜಿಲ್ಲೆ, ತಾಲ್ಲೂಕು ಏನು ಮಾಡಬೇಕು? ನನ್ನಂಥವಳು ಸಭೆಯಲ್ಲಿ ಏನು ಕೇಳಬಹುದು? ಮಗಳಿಗೆ ಮನೆಯಲ್ಲಿ ಏನು ಮಾಡಲಿ?

ಉತ್ತರ: ತಾಯಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. "ಮೇಷ್ಟ್ರು ಒಳ್ಳೆಯವರು, ದಿನಾ ಬರುತ್ತಾರೆ" ಅಂತ ಬರೆದಿದ್ದೀರಲ್ಲ, ನನ್ನ ಮನಸ್ಸು ಅಲ್ಲೇ ನಿಂತಿತು. ಮಕ್ಕಳಿಗೆ ಓದು ಬರುತ್ತಿಲ್ಲ ಅಂದರೆ ನಮ್ಮಲ್ಲಿ ಮೊದಲು ಬೈಯುವುದು ಮೇಷ್ಟ್ರನ್ನು. ನೀವು ಹಾಗೆ ಮಾಡಲಿಲ್ಲ. ಮೇಷ್ಟ್ರು ಬಂದು, ಪಾಠ ನಡೆದು, ಮಕ್ಕಳೂ ಕೂತಿದ್ದು, ಆದರೂ ಓದು ಬಂದಿಲ್ಲ ಅಂದರೆ ತೊಂದರೆ ಒಂದು ಕೊಠಡಿಯದಲ್ಲ. ಆ ಕೊಠಡಿಗೆ ಹೊರಗಿನಿಂದ ಬರಬೇಕಾದ ಸಹಾಯ ಬಂದಿಲ್ಲ ಅಂತ ಅರ್ಥ. ನಾನು ಈ ಭಾಗದಲ್ಲೇ ಮೇಷ್ಟ್ರಾಗಿ, ಆಮೇಲೆ ಒಂದಷ್ಟು ಶಾಲೆಗಳ ಮೇಷ್ಟ್ರಿಗೆ ನೆರವಾಗುವ ಸಿಆರ್‌ಪಿಯಾಗಿ, ಕೊನೆಗೆ ಶಿಕ್ಷಕರಿಗೆ ತರಬೇತಿ ಕೊಡುವವನಾಗಿ ಕೆಲಸ ಮಾಡಿದವನು. ಆ ಸಹಾಯ ಎಲ್ಲಿ ತಪ್ಪುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಮೊದಲು ನಿಮ್ಮ ತಮ್ಮ ಹೇಳಿದ ಮಾತು. ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಹೆಚ್ಚಿನ ಕಡೆ ಊರಿನವರೇ ಓಟು ಹಾಕಿ ಆರಿಸಿದ ಒಂದು ಮಂಡಳಿ, ಅದರ ಕೆಳಗೆ ಒಬ್ಬ ಸೂಪರಿಂಟೆಂಡೆಂಟ್. ಆ ಊರಿನ ಆಸ್ತಿ ತೆರಿಗೆಯ ದೊಡ್ಡ ಪಾಲು ಶಾಲೆಗೇ ಹೋಗುತ್ತದೆ. ಹಾಗಾಗಿ ಸಿರಿವಂತರ ಊರಿನ ಶಾಲೆ ಸಿರಿವಂತವಾಗಿಯೇ ಇರುತ್ತದೆ. ಅದನ್ನು ನಾವು ಆಸೆಪಡಬೇಕಾಗಿಲ್ಲ. ನಮ್ಮಲ್ಲಿ ಸಂಬಳ, ಪುಸ್ತಕ, ನೇಮಕ ಎಲ್ಲ ರಾಜ್ಯದ್ದು. ಜಿಲ್ಲೆಗೆ ಉಪನಿರ್ದೇಶಕರು, ತಾಲ್ಲೂಕಿಗೆ ಬಿಇಒ ಅನ್ನುವ ಶಿಕ್ಷಣಾಧಿಕಾರಿ, ಶಿಕ್ಷಕರ ತರಬೇತಿಗೆ ಜಿಲ್ಲೆಯ ಡಯಟ್ ಸಂಸ್ಥೆ, ತಾಲ್ಲೂಕಿನಲ್ಲಿ ಬಿಆರ್‌ಸಿ ಅನ್ನುವ ಸಂಪನ್ಮೂಲ ಕೇಂದ್ರ, ಅದರ ಕೆಳಗೆ ಹತ್ತಾರು ಶಾಲೆಗೆ ಒಬ್ಬರಂತೆ ಸಿಆರ್‌ಪಿ. ಹೆಸರು ಬೇರೆ ಇರಬಹುದು. ಶಾಲೆಗೂ ರಾಜ್ಯಕ್ಕೂ ನಡುವೆ ಇರುವ ಈ ಪದರ ಅಲ್ಲೂ ಇದೆ, ಇಲ್ಲೂ ಇದೆ. ಆ ಪದರ ಮೇಲಿನವರಿಗಾಗಿ ಕಾಗದ ಕೂಡಿಹಾಕುತ್ತದೋ, ಕೆಳಗಿನ ತರಗತಿಗೆ ಸಹಾಯ ಒಯ್ಯುತ್ತದೋ? ನನ್ನ ಅನುಭವದಲ್ಲಿ ಎಲ್ಲವೂ ನಿಂತಿರುವುದು ಇದರ ಮೇಲೆ.

ನಿಮಗೆ ಅಮೆರಿಕಕ್ಕಿಂತ ಹತ್ತಿರವಾದ ಒಂದು ಊರಿನ ಕಥೆ ಹೇಳುತ್ತೇನೆ. ಬ್ರೆಜಿಲ್ ದೇಶದ ಈಶಾನ್ಯದಲ್ಲಿ ಸಿಯಾರಾ ಅಂತ ಒಂದು ರಾಜ್ಯ. ಮಳೆ ಕಡಿಮೆ, ಬರ ಜಾಸ್ತಿ, ಬಡತನವೂ ಜಾಸ್ತಿ. ಅಲ್ಲಿ ಸೋಬ್ರಾಲ್ ಅಂತ ಒಂದು ಪಟ್ಟಣ. ಸುತ್ತಲಿನ ಹಳ್ಳಿ ಸೇರಿ ಸುಮಾರು ಎರಡು ಲಕ್ಷ ಜನ. ನಮ್ಮ ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಸೀಮೆಯವರಿಗೆ ಆ ನೆಲದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. 2000ದ ಸುಮಾರಿಗೆ ಅವರು ಒಂದು ಕೆಲಸ ಮಾಡಿದರು. ಎರಡನೇ ತರಗತಿ ಮುಗಿಸಿದ ಮಕ್ಕಳನ್ನು ಕೂರಿಸಿ ಓದಿಸಿ ನೋಡಿದರು. ಹತ್ತಿರ ಹತ್ತಿರ ಅರ್ಧ ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಎಲ್ಲರೂ ಶಾಲೆಗೆ ಬರುತ್ತಿದ್ದ ಮಕ್ಕಳೇ. 2005ರಲ್ಲಿ ಆ ದೇಶದ ಶಾಲಾ ಗುಣಮಟ್ಟದ ಪಟ್ಟಿಯಲ್ಲಿ ಸೋಬ್ರಾಲ್ 1,366ನೇ ಜಾಗದಲ್ಲಿತ್ತು. 2017ಕ್ಕೆ ದೇಶಕ್ಕೇ ಮೊದಲನೆಯದಾಯಿತು.

ಏನು ಮಾಡಿದರು ಅಂತ ಕೇಳಿದರೆ ಉತ್ತರ ತೀರಾ ಸರಳವಾಗಿ ಕಾಣುತ್ತದೆ. ಒಂದನೇ, ಎರಡನೇ ತರಗತಿಯ ಓದನ್ನೇ ಇಡೀ ಊರಿನ ಮೊದಲ ಗುರಿ ಮಾಡಿಕೊಂಡರು. ವರ್ಷಕ್ಕೆ ಎರಡು ಸಲ, ಶಾಲೆಯ ಹೊರಗಿನವರು ಬಂದು ಮಕ್ಕಳ ಕಲಿಕೆ ನೋಡುವ ಏರ್ಪಾಡು ಮಾಡಿದರು. ಮುಖ್ಯಶಿಕ್ಷಕರ ನೇಮಕದಲ್ಲಿ ರಾಜಕೀಯದವರ ಶಿಫಾರಸು ನಿಲ್ಲಿಸಿ ಅರ್ಹತೆ ನೋಡಿ ಆರಿಸಿದರು. ಶಿಕ್ಷಕರಿಗೆ ತಿಂಗಳಿಗೊಮ್ಮೆ ತರಬೇತಿ. ಅದು ಭಾಷಣವಲ್ಲ. ಮುಂದಿನ ತಿಂಗಳು ತರಗತಿಯಲ್ಲಿ ಏನು ಮಾಡಬೇಕು, ಯಾವ ಪಾಠ, ಯಾವ ಚಟುವಟಿಕೆ ಅನ್ನುವುದರ ತಯಾರಿ. ಆಮೇಲೆ ಆ ರಾಜ್ಯದವರು ಇನ್ನೊಂದು ಚೆಂದದ ನಿಯಮ ತಂದರು. ಓದಿಸುವುದರಲ್ಲಿ ಗೆದ್ದ ಶಾಲೆಗೆ ಬಹುಮಾನದ ಹಣ ಕೊಡುತ್ತಾರೆ, ಆದರೆ ಗೆದ್ದ ಶಾಲೆ ಹಿಂದುಳಿದ ಇನ್ನೊಂದು ಶಾಲೆಯ ಕೈ ಹಿಡಿಯಬೇಕು. ಆ ಶಾಲೆಯೂ ಮೇಲೆ ಬಂದ ಮೇಲಷ್ಟೇ ಉಳಿದ ಹಣ. ನನಗೆ ಈ ನಿಯಮದ ಮೇಲೆ ತುಂಬಾ ಪ್ರೀತಿ. ನಮ್ಮಲ್ಲಿ ಗೆದ್ದ ಶಾಲೆಗೆ ಹಾರ ಹಾಕಿ ಕಳಿಸುತ್ತೇವೆ. ಪಕ್ಕದ ಊರಿನ ಶಾಲೆಗೆ ಅದರಿಂದ ಏನೂ ಸಿಗುವುದಿಲ್ಲ.

ಅವರು ಮಾಡಿದ್ದೆಲ್ಲ ನಮಗೆ ಹೊಂದುವುದಿಲ್ಲ. ಸೋಬ್ರಾಲ್‌ನಲ್ಲಿ ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡದಕ್ಕೆ ಸೇರಿಸಿದರು, ಮಕ್ಕಳಿಗೆ ಬಸ್ ಬಿಟ್ಟರು. ನಮ್ಮ ಹಟ್ಟಿ, ತಾಂಡಾಗಳಲ್ಲಿ ಶಾಲೆ ಮುಚ್ಚಿದರೆ ಮೊದಲು ಮನೆಯಲ್ಲಿ ಉಳಿಯುವವರು ಹೆಣ್ಣುಮಕ್ಕಳು. ಅದನ್ನು ನಾನು ಒಪ್ಪಲಾರೆ.

ಅಮೆರಿಕದ ಕಥೆಯೂ ಒಂದಿದೆ, ನಿಮ್ಮ ತಮ್ಮನಿಗೆ ಹೇಳಿ. ಮಿಸಿಸಿಪ್ಪಿ ಅಲ್ಲಿನ ಬಡ ರಾಜ್ಯಗಳಲ್ಲೊಂದು. 2013ರಲ್ಲಿ ನಾಲ್ಕನೇ ತರಗತಿ ಓದಿನಲ್ಲಿ ಅದು ದೇಶದಲ್ಲಿ 49ನೆಯದು. 2024ಕ್ಕೆ 9ನೇ ಜಾಗಕ್ಕೆ ಬಂತು. ಅಲ್ಲೂ ಮಾಡಿದ್ದು ಇದನ್ನೇ. ಚಿಕ್ಕ ತರಗತಿಯ ಪ್ರತಿ ಮಗುವಿನ ಓದನ್ನು ವರ್ಷಕ್ಕೆ ಮೂರು ಸಲ ನೋಡಿದರು. ಅಕ್ಷರ, ಸದ್ದು, ಪದ ಇವನ್ನು ಕ್ರಮವಾಗಿ ಕಲಿಸುವ ಬಗ್ಗೆ ಶಿಕ್ಷಕರಿಗೆ ಆಳವಾದ ತರಬೇತಿ ಕೊಟ್ಟರು. ತುಂಬಾ ಹಿಂದಿದ್ದ ಶಾಲೆಗಳಿಗೆ ಓದು ಕಲಿಸುವುದರಲ್ಲಿ ಪಳಗಿದ ಮಾರ್ಗದರ್ಶಕರನ್ನು ಕಳಿಸಿದರು. ಅವರು ಶಿಕ್ಷಕರಿಗೆ ಮಾರ್ಕು ಹಾಕಲು ಹೋದವರಲ್ಲ, ಪಕ್ಕದಲ್ಲಿ ನಿಂತು ಕಲಿಸಲು ಹೋದವರು. ಮೂರನೇ ತರಗತಿಯಲ್ಲಿ ಓದು ಬಾರದಿದ್ದರೆ ಅಲ್ಲೇ ಉಳಿಸುವ ನಿಯಮವೂ ಅಲ್ಲಿದೆ. ನನ್ನ ಮಟ್ಟಿಗೆ ಅದನ್ನು ಇಲ್ಲಿಗೆ ತರುವುದು ಬೇಡ. ಸಹಾಯವನ್ನೇ ಕೊಡದೆ ನಪಾಸು ಮಾಡಿದರೆ ಮಗು ಕುರಿ ಕಾಯಲು ಹೋಗುತ್ತದೆ, ಅಷ್ಟೇ.

ಈಗ ನಮ್ಮ ಮನೆಯೊಳಗಿನ ಮಾತು. ನಮ್ಮಲ್ಲಿ ಒಳ್ಳೆಯ ಯೋಜನೆಗಳಿಗೆ ಬರವಿಲ್ಲ. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿ ಬಂದ ನಮ್ಮ ಮೇಷ್ಟ್ರುಗಳೇ ಅದನ್ನು ಕಟ್ಟಿದರು. ಅದರಲ್ಲಿ ಅಕ್ಷರವನ್ನು ಅ, ಆ, ಇ, ಈ ಅಂತ ಶುರುಮಾಡುವುದಿಲ್ಲ. ರ, ಗ, ಸ, ದ, ಅ ಮೊದಲು. ಯಾಕೆ? ಆ ಐದು ಅಕ್ಷರ ಕಲಿತ ಕೂಡಲೇ ಮಗು ಸರ, ಅರಸ, ಅಗಸ, ಗರಗಸ ಅಂತ ಓದಬಹುದು. ಮೊದಲ ವಾರಗಳಲ್ಲೇ ಓದಿನ ರುಚಿ ಸಿಗುತ್ತದೆ. ಇಷ್ಟು ಜಾಣ ಯೋಚನೆ ಅದು. 2009-10ರಿಂದ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೂ ಬಂತು. ಆಮೇಲೆ ಓದು ಕರ್ನಾಟಕ ಬಂತು, ಗಣಿತ ಕಲಿಕಾ ಆಂದೋಲನ ಬಂತು, ಕೊರೊನಾ ಆದ ಮೇಲೆ 2022-23ರಲ್ಲಿ ಕಲಿಕಾ ಚೇತರಿಕೆ ಬಂತು. ಕೇಂದ್ರದ ನಿಪುಣ್ ಭಾರತ್ 2021ರ ಜುಲೈಯಲ್ಲಿ ಶುರುವಾಯಿತು. 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಅನ್ನುವುದು ಅದರ ಗುರಿ.

ಹಾಗಾದರೆ ತಪ್ಪುವುದೆಲ್ಲಿ? ನನ್ನದೇ ಒಂದು ಅನುಭವ ಹೇಳುತ್ತೇನೆ.

ಸಿಆರ್‌ಪಿ ಆಗಿದ್ದಾಗ ನನ್ನ ಪಾಲಿಗೆ 14 ಶಾಲೆ. ಶಾಲೆಗೆ ಹೋದರೆ ಮುಖ್ಯಶಿಕ್ಷಕರ ಕುರ್ಚಿ ಪಕ್ಕ ಕೂರುವುದು. ಹಾಜರಾತಿ, ಬಿಸಿಯೂಟದ ಲೆಕ್ಕ, ಸಮವಸ್ತ್ರದ ಲೆಕ್ಕ, ಮೇಲಿನವರು ಕೇಳಿದ ಮಾಹಿತಿ, ಎಲ್ಲ ಬರೆದುಕೊಂಡು ಮುಂದಿನ ಶಾಲೆಗೆ ಗಾಡಿ ತಿರುಗಿಸುವುದು. ಸಂದರ್ಶನ ಪುಸ್ತಕದಲ್ಲಿ "ಕಲಿಕೆ ತೃಪ್ತಿಕರ" ಅಂತ ಬರೆದು ಸಹಿ. ಹೊಳಲ್ಕೆರೆ ಕಡೆಯ ಒಂದು ತಾಂಡಾ ಶಾಲೆಯಲ್ಲಿ ಒಬ್ಬ ಮೇಡಂ ನನ್ನನ್ನು ತಡೆದು ನಿಲ್ಲಿಸಿದರು. "ಸಾರ್, ಈ ಮಕ್ಕಳಿಗೆ ಒತ್ತಕ್ಷರ ಹತ್ತುತ್ತಿಲ್ಲ. ನನಗೂ ದಾರಿ ಕಾಣುತ್ತಿಲ್ಲ. ಒಂದು ಪಾಠ ನೀವೇ ಮಾಡಿ ತೋರಿಸಿ" ಅಂದರು. ಮಾಡಿದೆ. ಮೂರನೇ ತರಗತಿಯ ಒಬ್ಬ ಹುಡುಗ ಪಾಠವನ್ನು ಗಡಗಡ ಒಪ್ಪಿಸಿದ. ಖುಷಿಯಾಗಿ, ಅದೇ ಪಾಠದ ನಡುವಿನ ಒಂದು ಸಾಲನ್ನು ಬೋರ್ಡಿನ ಮೇಲೆ ಬರೆದು ಓದು ಅಂದೆ. ಅವನು ಸುಮ್ಮನೆ ನಿಂತ. ಒಂದಕ್ಷರವೂ ಅವನಿಗೆ ಬರುತ್ತಿರಲಿಲ್ಲ. ಪುಸ್ತಕದ ಚಿತ್ರ ನೋಡಿ ಇಡೀ ಪಾಠ ಬಾಯಿಪಾಠ ಮಾಡಿಕೊಂಡಿದ್ದ. ಆ ಶಾಲೆಯ ಪುಸ್ತಕದಲ್ಲಿ "ತೃಪ್ತಿಕರ" ಅಂತ ನಾನೇ ಎಷ್ಟು ಸಲ ಬರೆದಿದ್ದೆನೋ.

ಆ ಮೇಡಂ ನನ್ನನ್ನು ಬಿಡಲಿಲ್ಲ. ಮುಂದಿನ ವಾರವೂ ಬನ್ನಿ ಅಂದರು. ಹೋದೆ. ಒಂದು ದಿನ ಅವರು ಪಾಠ ಮಾಡಿದರೆ ನಾನು ಹಿಂದೆ ಕೂತು ಬರೆದುಕೊಳ್ಳುವುದು, ಇನ್ನೊಂದು ದಿನ ನಾನು ಮಾಡಿದರೆ ಅವರು ನೋಡುವುದು. ಮೂರು ತಿಂಗಳು ಹೀಗೆ ನಡೆಯಿತು. ಒತ್ತಕ್ಷರವನ್ನು ಪಟ್ಟಿ ಮಾಡಿ ಕಲಿಸುವುದನ್ನು ಬಿಟ್ಟು, ಮಕ್ಕಳ ಬಾಯಲ್ಲೇ ಓಡಾಡುವ ಪದಗಳಿಂದ ಶುರು ಮಾಡಿದೆವು. ಅಮ್ಮ, ಅಪ್ಪ, ಅಕ್ಕ, ಹಳ್ಳ, ಬೆಲ್ಲ, ಎಮ್ಮೆ. ಮೊದಲು ಒಂದೇ ಅಕ್ಷರ ತನಗೆ ತಾನೇ ಒತ್ತಾಗಿ ಬರುವ ಪದ. ಅದು ಕೂತ ಮೇಲೆ ಚಂದ್ರ, ಹಸ್ತ, ಪುಸ್ತಕ. ಆ ವರ್ಷ ನಾನು ಆ ಮಕ್ಕಳಿಂದ ಮತ್ತು ಆ ಮೇಡಂನಿಂದ ಕಲಿತಷ್ಟು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಆದರೆ ಉಳಿದ 13 ಶಾಲೆಗೆ ಅಷ್ಟು ಸಮಯ ಕೊಡಲು ನನಗೆ ಆಗಲೇ ಇಲ್ಲ. ಕಾಗದದ ಕೆಲಸ ಬಿಡಲಿಲ್ಲ. ಅದರ ನೋವು ಇವತ್ತಿಗೂ ಇದೆ.

ಇದು ನನ್ನೊಬ್ಬನ ಅನಿಸಿಕೆ ಅಂದುಕೊಳ್ಳಬೇಡಿ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯವರು ಮಕ್ಕಳನ್ನು ತರಗತಿ ನೋಡದೆ, ಓದುವ ಮಟ್ಟ ನೋಡಿ ಗುಂಪು ಮಾಡಿ ಕಲಿಸುವ ಒಂದು ವಿಧಾನ ಬೆಳೆಸಿದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಯವರು ಅದನ್ನು ಹಲವು ರಾಜ್ಯಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಬಿಹಾರದಲ್ಲಿ, ಉತ್ತರಾಖಂಡದಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿಯನ್ನೂ ಸಾಮಗ್ರಿಯನ್ನೂ ಕೊಟ್ಟು ಕಳಿಸಿದಾಗ ಹೆಚ್ಚೇನೂ ಬದಲಾಗಲಿಲ್ಲ. ಆದರೆ ಬಿಹಾರದಲ್ಲೇ, ಸರ್ಕಾರಿ ಶಿಕ್ಷಕರೇ ಬೇಸಿಗೆ ಶಿಬಿರದಲ್ಲಿ ಇದೇ ಕೆಲಸ ಮಾಡಿದಾಗ ಮಕ್ಕಳ ಓದು ಮುಂದೆ ಹೋಯಿತು. ಅಂದರೆ ಶಿಕ್ಷಕರಿಗೆ ಕಲಿಸಲು ಬರುವುದಿಲ್ಲ ಅಂತಲ್ಲ. ಶಾಲೆ ನಡೆಯುವ ದಿನಗಳಲ್ಲಿ ಪಾಠ ಮುಗಿಸುವ ಒತ್ತಡ ಅದಕ್ಕೆ ಜಾಗ ಕೊಡುತ್ತಿರಲಿಲ್ಲ.

2012-13ರಲ್ಲಿ ಹರಿಯಾಣದಲ್ಲಿ ಈ ಪಾಠ ಕಲಿತು ಎರಡು ಬದಲಾವಣೆ ಮಾಡಿದರು. ದಿನಕ್ಕೆ ಒಂದು ಗಂಟೆ ಈ ಕೆಲಸಕ್ಕೇ ಮೀಸಲು. ಇನ್ನೊಂದು, ನಮ್ಮ ಸಿಆರ್‌ಪಿಗಳಂಥ ಮೇಲ್ವಿಚಾರಕರು ಮೊದಲು ತಾವೇ 15ರಿಂದ 20 ದಿನ ಮಕ್ಕಳ ಮುಂದೆ ನಿಂತು ಈ ವಿಧಾನದಲ್ಲಿ ಕಲಿಸಿದರು. ಆಮೇಲಷ್ಟೇ ಶಿಕ್ಷಕರಿಗೆ ಹೇಳಿಕೊಟ್ಟರು, ಶಾಲೆಗಳಿಗೆ ಬಂದು ನೋಡುತ್ತಾ ಇದ್ದರು. ಅಲ್ಲಿ ಭಾಷೆಯ ಕಲಿಕೆ ಮೇಲೆ ಬಂತು. ತಾನು ಮಾಡಿ ನೋಡದ ಕೆಲಸವನ್ನು ಇನ್ನೊಬ್ಬರಿಗೆ ಹೇಗೆ ಹೇಳಿಕೊಡಲು ಆಗುತ್ತೆ, ಅಲ್ವಾ?

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಸಭೆ ಅಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಸಭೆ. ಹತ್ತನೇ ತರಗತಿ ಮಕ್ಕಳಿಗೆ ವಿಶೇಷ ತರಗತಿ, ಬೆಳಗಿನ ಜಾವದ ಫೋನು, ಪಾಸಾಗುವಷ್ಟು ಪ್ರಶ್ನೆಗಳ ಪಟ್ಟಿ. ಆ ಮೇಷ್ಟ್ರುಗಳ ಶ್ರಮಕ್ಕೆ ನನ್ನ ನಮಸ್ಕಾರ. ಆದರೆ ಒಂದು ಮಾತು. 2023ರಲ್ಲಿ ಚಿತ್ರದುರ್ಗ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು. ಮರುವರ್ಷ ಪಟ್ಟಿಯಲ್ಲಿ ತುಂಬಾ ಕೆಳಗೆ ಇಳಿಯಿತು. ಒಂದು ವರ್ಷದಲ್ಲಿ ಒಂದು ಜಿಲ್ಲೆಯ ಮಕ್ಕಳು ಅಷ್ಟು ಜಾಣರಾಗುವುದೂ ಇಲ್ಲ, ಅಷ್ಟು ದಡ್ಡರಾಗುವುದೂ ಇಲ್ಲ. ಆ ಸ್ಥಾನದಿಂದ ನಮ್ಮ ಮಕ್ಕಳ ಕಲಿಕೆ ತಿಳಿಯುವುದಿಲ್ಲ. ಹತ್ತನೇ ತರಗತಿಯಲ್ಲಿ ಎಡವುವ ಹೆಚ್ಚಿನ ಮಕ್ಕಳು ಮೂರನೇ ತರಗತಿಯಲ್ಲೇ ಕೈತಪ್ಪಿದವರು. ಉಪನಿರ್ದೇಶಕರ ಸಭೆಯಲ್ಲಿ, "ಈ ತಿಂಗಳು ಮೂರನೇ ತರಗತಿಯಲ್ಲಿ ಎಷ್ಟು ಮಕ್ಕಳು ಓದುತ್ತಿದ್ದಾರೆ?" ಅನ್ನುವುದು ಮೊದಲ ಪ್ರಶ್ನೆಯಾಗಬೇಕು. ಆ ದಿನ ಕೆಳಗಿನ ಎಲ್ಲರ ಕೆಲಸವೂ ತಾನಾಗಿ ಬದಲಾಗುತ್ತದೆ.

ಆ ಎಣಿಕೆ ಕಷ್ಟವೇನಲ್ಲ. ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳ ಓದು ನೋಡುವ ಅಸರ್ ಸಮೀಕ್ಷೆಯವರು ವರ್ಷಗಳಿಂದ ಮಾಡುತ್ತಿದ್ದಾರೆ. ಒಂದೇ ಹಾಳೆಯಲ್ಲಿ ನಾಲ್ಕು ಭಾಗ. ಬಿಡಿ ಅಕ್ಷರ, ಸಣ್ಣ ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಮಗುವನ್ನು ಒಂದೊಂದಾಗಿ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದು. ಐದು ನಿಮಿಷ ಸಾಕು. ಲಿಖಿತ ಪರೀಕ್ಷೆಯಲ್ಲಿ ಪಕ್ಕದವರದು ನೋಡಿ ಬರೆದ ಮಗು ಇಲ್ಲಿ ಮರೆಯಾಗಲು ಆಗುವುದಿಲ್ಲ. ನಿಮಿಷಕ್ಕೆ ಎಷ್ಟು ಪದ ಓದಿದೆ ಅಂತ ಗಡಿಯಾರ ಹಿಡಿಯುವ ರೂಢಿಯೂ ಈಗ ಬಂದಿದೆ. ನಿಪುಣ್ ಗುರಿಯಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ 60 ಪದ ಅಂತಿದೆ. ಅದನ್ನು ಕನ್ನಡಕ್ಕೆ ಹಾಗೆಯೇ ಹಚ್ಚಬಾರದು ಅನ್ನುವುದು ನನ್ನ ಅಭಿಪ್ರಾಯ. 'ಹೋಗಬೇಕಾಗಿತ್ತು' ಅನ್ನುವುದು ನಮಗೆ ಒಂದೇ ಪದ, ಬೇರೆ ಭಾಷೆಯಲ್ಲಿ ಅದು ಮೂರು ನಾಲ್ಕು ಪದ. ತಡವರಿಸದೆ ಓದಿ, ಓದಿದ್ದನ್ನು ತನ್ನ ಮಾತಲ್ಲಿ ಹೇಳಿದರೆ ಸಾಕು.

ಕನ್ನಡ ಓದುವುದು ಚಿಕ್ಕ ಮಗುವಿಗೆ ಸುಲಭ ಅಂತ ನಾವು ದೊಡ್ಡವರು ಅಂದುಕೊಳ್ಳುತ್ತೇವೆ. ಬರೆದಂತೆ ಓದುವ ಭಾಷೆ ಅಲ್ವಾ ಅಂತ. ಆದರೆ ಲೆಕ್ಕ ಹಾಕಿ ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ ಅಂತ ಹೇಳುತ್ತೇವೆ. 34 ವ್ಯಂಜನಕ್ಕೆ ಕಾಗುಣಿತ ಸೇರಿಸಿದರೆ 400ಕ್ಕೂ ಹೆಚ್ಚು ರೂಪ ಆಗುತ್ತವೆ. ಅದರ ಮೇಲೆ ಒತ್ತಕ್ಷರ. ಇಂಗ್ಲಿಷಿನ 26 ಅಕ್ಷರದ ಹಾಗೆ ಒಂದು ವರ್ಷದಲ್ಲಿ ಮುಗಿಯುವ ಬಾಬತ್ತಲ್ಲ ಇದು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು ಮಾಡಿದ ಸಂಶೋಧನೆಯೂ ಇದನ್ನೇ ತೋರಿಸಿದೆ. ಅಕ್ಷರಗಳ ಈ ಕಲಿಕೆ ನಾಲ್ಕನೇ ತರಗತಿವರೆಗೂ ನಡೆಯುತ್ತಲೇ ಇರುತ್ತದೆ. ಆದರೆ ನಮ್ಮ ಪಠ್ಯಪುಸ್ತಕ ಅಷ್ಟು ಹೊತ್ತು ಕಾಯುವುದಿಲ್ಲ. ನಿಮ್ಮ ಮಗಳು ದಡ್ಡಿಯಲ್ಲ ತಾಯಿ. ಅವಳು ಕಾಗುಣಿತದಿಂದ ಒತ್ತಕ್ಷರಕ್ಕೆ ದಾಟುವ ಹೊತ್ತಿಗೆ ಕೈ ಹಿಡಿಯಲು ಯಾರಿಗೂ ಸಮಯ ಇರಲಿಲ್ಲ. ಲೆಕ್ಕ ಹಾಕಿ ನೋಡಿ, ಕೊರೊನಾದಲ್ಲಿ ಅಂಗನವಾಡಿ, ಶಾಲೆ ಮುಚ್ಚಿದ್ದ ದಿನಗಳೂ ಈ ವಯಸ್ಸಿನ ಎಷ್ಟೋ ಮಕ್ಕಳ ಪಾಲಿಗೆ ಬಂದಿವೆ.

ಮನೆ ಮಾತಿನ ವಿಷಯ ಬೇರೆಯೇ ಇದೆ. ನಿಮ್ಮ ಕಡೆ ತಾಂಡಾಗಳಿವೆ. ಅಲ್ಲಿನ ಮಗು ಮನೆಯಲ್ಲಿ ತಾಯಿಗೆ 'ಯಾಡಿ' ಅನ್ನುತ್ತದೆ, ನೀರಿಗೆ 'ಪಾಣಿ' ಅನ್ನುತ್ತದೆ. ಆರನೇ ವಯಸ್ಸಿಗೆ ಶಾಲೆಗೆ ಬಂದರೆ ಮೇಷ್ಟ್ರ ಮಾತೇ ಹೊಸದು, ಇನ್ನು ಅಕ್ಷರದ ಮಾತೆಲ್ಲಿ? ಮೊಳಕಾಲ್ಮುರು, ಚಳ್ಳಕೆರೆ ಗಡಿಯಲ್ಲಿ ತೆಲುಗು. ದಾವಣಗೆರೆ ನಗರದಲ್ಲಿ ಉರ್ದು ಮನೆಮಾತಿನ ಮಕ್ಕಳು. ಇವರಿಗೆ ಮೊದಲ ಕೆಲವು ತಿಂಗಳು ಬರೀ ಮಾತು, ಹಾಡು, ಕಥೆ ಬೇಕು. ಅವರ ಭಾಷೆಯ ಪದವನ್ನು ತರಗತಿಯಲ್ಲಿ ಆಡಲು ಬಿಡಬೇಕು. "ಕನ್ನಡದಲ್ಲಿ ಮಾತಾಡು" ಅಂತ ಗದರಿಸಿದರೆ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗು ಓದು ಕಲಿಯಲಾರದು. ತಾಂಡಾದ ಒಬ್ಬ ಅಕ್ಕನೋ ಅಜ್ಜಿಯೋ ವಾರಕ್ಕೊಮ್ಮೆ ಶಾಲೆಗೆ ಬಂದು ತಮ್ಮ ಮಾತಲ್ಲಿ ಕಥೆ ಹೇಳಿದರೂ ಎಷ್ಟೋ ಆಯಿತು. ಇದಕ್ಕೆ ಯಾವ ಆದೇಶವೂ ಬೇಕಾಗಿಲ್ಲ. ನೀವೇ ಕರೆಸಬಹುದು.

ಓದಿನ ಹಿಂದೆ ಇನ್ನೂ ಕೆಲವು ಕಾರಣ ಅಡಗಿರುತ್ತವೆ. ಕಣ್ಣು ಸರಿ ಕಾಣದ ಮಗು ಬೋರ್ಡು ನೋಡುವುದನ್ನೇ ಬಿಡುತ್ತದೆ, ನಾವು ಅದನ್ನು ಸೋಮಾರಿ ಅನ್ನುತ್ತೇವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು. ಬಂದರಾ, ಕಣ್ಣು ಕಿವಿ ನೋಡಿದರಾ, ಕನ್ನಡಕ ಬೇಕು ಅಂದ ಮಕ್ಕಳಿಗೆ ಕನ್ನಡಕ ಸಿಕ್ಕಿತಾ? ಮೂರನೆಯದನ್ನು ಕೇಳುವವರೇ ಕಡಿಮೆ. ಕಲಿಕೆಯಲ್ಲಿ ವಿಶೇಷ ತೊಂದರೆ ಇರುವ ಮಕ್ಕಳಿಗೆ ತಾಲ್ಲೂಕಿನಲ್ಲಿ ಬಿಐಇಆರ್‌ಟಿ ಅನ್ನುವ ವಿಶೇಷ ಶಿಕ್ಷಕರಿದ್ದಾರೆ, ಅವರನ್ನು ಕರೆಸಿಕೊಳ್ಳಿ.

ಗುಳೆ ಹೋಗುವ ಮನೆಗಳ ಮಕ್ಕಳ ಬಗ್ಗೆ ನನಗೆ ಸಂಕಟ ಜಾಸ್ತಿ. ಸುಗ್ಗಿ ಮುಗಿಯಿತು ಅಂದರೆ ಕಾಫಿ ಸೀಮೆಗೆ ಮನೆಮಂದಿಯೆಲ್ಲ ಹೊರಡುತ್ತಾರೆ. ಮಗು ಮೂರು ತಿಂಗಳು ಇಲ್ಲ. ಬಂದಾಗ ತರಗತಿ ಮುಂದೆ ಹೋಗಿರುತ್ತದೆ, ಮಗುವಿಗೆ ನಾಚಿಕೆ, ಆಮೇಲೆ ಬರುವುದನ್ನೇ ಬಿಡುತ್ತದೆ. ಹೊರಡುವ ಮನೆಗಳ ಪಟ್ಟಿಯನ್ನು ಸುಗ್ಗಿ ಮುಗಿಯುವ ಮೊದಲೇ ಮಾಡಿ. ಅಜ್ಜಿ ಮನೆಯಲ್ಲಿ ಬಿಡಬಹುದಾ, ಹಾಸ್ಟೆಲ್ ಸಿಗುತ್ತದಾ, ಋತುಮಾನ ವಸತಿ ಕೇಂದ್ರ ತೆರೆಯಲು ಬಿಇಒ ಕಚೇರಿಗೆ ಬರೆದು ಕೊಡಬಹುದಾ ಅಂತ ನೋಡಿ. ಹೋಗಲೇಬೇಕಾದ ಮಗು ವಾಪಸ್ಸು ಬಂದ ದಿನ ಅದರ ತರಗತಿಗೆ ನೂಕಬೇಡಿ. ಅದರ ಓದಿನ ಮಟ್ಟದ ಗುಂಪಿಗೆ ಸೇರಿಸಿ.

ಸಭೆಯಲ್ಲಿ ಏನು ಕೇಳಬೇಕು ಅಂದಿರಿ. ಮೊದಲು ನಿಮ್ಮ ಬಲ ನಿಮಗೆ ಗೊತ್ತಿರಲಿ. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು ಅನ್ನುತ್ತದೆ ಅದು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಅಧಿಕಾರವೂ ಸಮಿತಿಯದ್ದೇ. ನಾವು ಆ ಯೋಜನೆಯಲ್ಲಿ ಕಾಂಪೌಂಡು, ಸುಣ್ಣ ಬಣ್ಣ, ಗೇಟು ಅಂತ ಬರೆದು ಮುಗಿಸುತ್ತೇವೆ. ಈ ಸಲ ಮೊದಲ ಸಾಲಿನಲ್ಲಿ ಓದು ಬರೆಯಿರಿ. ಅದೇ ಕಾಯಿದೆಯ 24ನೇ ಸೆಕ್ಷನ್ ಇನ್ನೊಂದು ಹೇಳುತ್ತದೆ. ಶಿಕ್ಷಕರು ಪ್ರತಿ ಮಗುವಿನ ಕಲಿಕೆ ಎಲ್ಲಿದೆ ಅಂತ ನೋಡಿ, ಬೇಕಾದವರಿಗೆ ಹೆಚ್ಚಿನ ಪಾಠ ಕೊಡಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ 27ನೇ ಸೆಕ್ಷನ್. ಇವೆರಡನ್ನೂ ಒಟ್ಟಿಗೆ ಹೇಳಿ. ಮೊದಲನೆಯದನ್ನು ಮಾತ್ರ ಹೇಳಿದರೆ ಮೇಷ್ಟ್ರ ಮೇಲೆ ದೂರು ತಂದಂತಾಗುತ್ತದೆ. ಎರಡನ್ನೂ ಹೇಳಿದರೆ ಅವರ ಪರವಾಗಿ ನಿಂತಂತಾಗುತ್ತದೆ. ನೀವು ಅವರ ಜೊತೆಗೇ ನಿಲ್ಲಬೇಕು.

ಸಭೆಗೆ ಮುಂಚೆ ಮೇಷ್ಟ್ರ ಹತ್ತಿರ ಹೋಗಿ. "ಸಾರ್, ಮೂರು, ನಾಲ್ಕು, ಐದನೇ ತರಗತಿ ಮಕ್ಕಳನ್ನು ಒಂದು ಸಲ ಕೂರಿಸಿ ಓದಿಸೋಣ, ನಾವೂ ಇಬ್ಬರು ತಾಯಂದಿರು ಬರುತ್ತೇವೆ" ಅನ್ನಿ. ಎರಡು ಬೆಳಗ್ಗೆ ಸಾಕು. ಒಂದು ನೋಟ್ ಪುಸ್ತಕದಲ್ಲಿ ಹೆಸರು, ಪಕ್ಕದಲ್ಲಿ ಅಕ್ಷರ, ಪದ, ಸಾಲು, ಕಥೆ, ಇಷ್ಟೇ ಗುರುತು. ಯಾವ ಮಗುವಿನ ಹೆಸರನ್ನೂ ಸಭೆಯಲ್ಲಿ ಓದಬೇಡಿ, ಗೋಡೆಗೂ ಅಂಟಿಸಬೇಡಿ. ಎಷ್ಟು ಮಕ್ಕಳು ಎಲ್ಲಿದ್ದಾರೆ ಅನ್ನುವ ಸಂಖ್ಯೆ ಮಾತ್ರ ಸಭೆಗೆ. ಆಮೇಲೆ ದಿನಕ್ಕೆ ಒಂದು ಗಂಟೆ ಈ ಮೂರೂ ತರಗತಿಯನ್ನು ಬಿಚ್ಚಿ, ಮಟ್ಟದ ಪ್ರಕಾರ ಕೂರಿಸುವುದು. ಮೂವರು ಶಿಕ್ಷಕರಿದ್ದರೆ ಮೂರು ಗುಂಪು. ಇಬ್ಬರೇ ಇದ್ದರೆ, ಕಥೆ ಓದಬಲ್ಲ ಮಕ್ಕಳಿಗೆ ಗ್ರಂಥಾಲಯದ ಪುಸ್ತಕ ಕೊಟ್ಟು ಓದಲು ಬಿಡಿ, ಅಕ್ಷರದಲ್ಲಿ ನಿಂತವರ ಹತ್ತಿರ ಮೇಷ್ಟ್ರು ಕೂರಲಿ. ಅತಿಥಿ ಶಿಕ್ಷಕರು ತಡವಾಗಿ ಬರುವ ವರ್ಷ ಇದು ಕಷ್ಟ, ಗೊತ್ತು. ಆ ವರ್ಷ ಅರ್ಧ ಗಂಟೆಯಾದರೂ ನಡೆಯಲಿ. ತಿಂಗಳಿಗೊಮ್ಮೆ ಮತ್ತೆ ಓದಿಸಿ, ಮುಂದೆ ಬಂದ ಮಗುವನ್ನು ಮುಂದಿನ ಗುಂಪಿಗೆ ದಾಟಿಸಿ.

ಸಿಆರ್‌ಪಿ ಬಂದ ದಿನ ಆ ನೋಟ್ ಪುಸ್ತಕ ಅವರ ಕೈಗೆ ಕೊಡಿ. "ಸಾರ್, ಈ ಕೆಳಗಿನ ಗುಂಪಿಗೆ ಒಂದು ತಾಸು ನೀವು ಪಾಠ ಮಾಡಿ ತೋರಿಸಿ" ಅಂತ ಕೇಳಿ. ನನ್ನನ್ನು ಆ ಮೇಡಂ ಕೇಳಿದ ಹಾಗೆ. ಒಪ್ಪಿದರೆ, ಮುಂದಿನ ತಿಂಗಳು ಬರುವ ದಿನಾಂಕವನ್ನೂ ಅವರಿಂದಲೇ ಬರೆಸಿಕೊಳ್ಳಿ. ಪಕ್ಕದ ಊರಿನ ಎಸ್‌ಡಿಎಂಸಿಯವರಿಗೂ ಹೇಳಿ. ನಾಲ್ಕೈದು ಊರಿನವರು ಒಂದೇ ಮನವಿ ಬರೆದು, ಸಿಆರ್‌ಪಿಗಳು ವಾರಕ್ಕೆ ಮೂರು ದಿನವಾದರೂ ತರಗತಿಯಲ್ಲೇ ಇರಲಿ ಅಂತ ಬಿಇಒ ಅವರಿಗೆ ಕೊಟ್ಟರೆ ಅದರ ತೂಕವೇ ಬೇರೆ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳಿಂದಲೇ ಕೇಳಿಸಿ. ಪಂಚಾಯಿತಿ ಗ್ರಂಥಾಲಯದಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಎಲ್ಲ ಮಕ್ಕಳಿಗೂ ಮಾಡಿಸಿ. ಶಾಲೆಯಲ್ಲಿ ಬೀರುವಿನೊಳಗೆ ಬೀಗ ಹಾಕಿಟ್ಟ ಪುಸ್ತಕಗಳನ್ನು ಹೊರಗೆ ತೆಗೆಸಿ. ಒಂದು ಹಗ್ಗ ಕಟ್ಟಿ ನೇತುಹಾಕಿದರೂ ಸಾಕು. ಹರಿದರೆ ಹರಿಯಲಿ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕಕ್ಕೆ ನಾನು ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ.

ಇನ್ನು ನಿಮ್ಮ ಮಗಳು. ಇವತ್ತು ರಾತ್ರಿ ಊಟ ಆದ ಮೇಲೆ 20 ನಿಮಿಷ ಅವಳ ಜೊತೆ ಕೂರಿ. ಐದನೇ ತರಗತಿ ಪುಸ್ತಕ ಬೇಡ. ಒಂದು ಚಿತ್ರ, ಎರಡು ಸಾಲು ಇರುವ ಸಣ್ಣ ಕಥೆ ಪುಸ್ತಕ ತನ್ನಿ. ಮೊದಲು ನೀವು ಬೆರಳಿಟ್ಟು ಓದಿ, ಆಮೇಲೆ ಇಬ್ಬರೂ ಒಟ್ಟಿಗೆ, ಮೂರನೇ ಸಲ ಅವಳೊಬ್ಬಳೇ. ನಿಮಗೇ ಓದುವುದು ಕಷ್ಟವಾದರೆ ನಾಚಿಕೆ ಬೇಡ. ಅವಳು ಓದಲಿ, ನೀವು ಕೇಳಿ, "ಮುಂದೇನಾಯಿತು?" ಅಂತ ಕೇಳುತ್ತಾ ಹೋಗಿ. ಒತ್ತಕ್ಷರದಲ್ಲಿ ನಿಂತರೆ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಆಗಲೂ ಬಾರದಿದ್ದರೆ ಆ ಪದವನ್ನು ನೀವೇ ಹೇಳಿ ಮುಂದೆ ಹೋಗಿ, ಬೈಯಬೇಡಿ. ಆ ದಿನ ಎಡವಿದ ಪದಗಳಲ್ಲಿ ಎರಡನ್ನು ಮಾತ್ರ ಆರಿಸಿ, ಒಲೆ ಪಕ್ಕದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಲು ಹೇಳಿ. ಬೆಳಗ್ಗೆ ನೀವು ರೊಟ್ಟಿ ಬಡಿಯುವಾಗ ಅವಳು ಅದನ್ನು ಓದಿ ಹೇಳಲಿ. ಸರಿಯಾಗಿ ಬಂದ ಪದ ಒರೆಸಿ, ಹೊಸದು ಬರೆಸಿ. ತಿಂಗಳು ಕಳೆದ ಮೇಲೆ ನನಗೊಂದು ಪತ್ರ ಹಾಕಿ. ಅದರಲ್ಲಿ ಎರಡು ಸಾಲು ಅವಳ ಕೈಬರಹದಲ್ಲೇ ಇರಲಿ.